ಟೈರಿನ ವಯಸ್ಸು ನೋಡಿ ಕೊಳ್ಳಿ

ದಾವಣಗೆರೆಯ ಕೆ.ಬಿ. ಬಡಾವಣೆಯಿಂದ ಹೊರಟ ಟೆಂಪೊ ಟ್ರಾವೆಲರ್ ರಾಷ್ಟ್ರೀಯ ಹೆದ್ದಾರಿ 48 ಹಿಡಿದರೆ ಒಂದು ಕಡೆ ಹರಿಹರ, ಹುಬ್ಬಳ್ಳಿ. ಇನ್ನೊಂದು ಕಡೆ ಚಿತ್ರದುರ್ಗ, ಬೆಂಗಳೂರು. ಆ ಗಾಡಿಯನ್ನೇ ಹಾಸಿಗೆ, ಒಲೆ, ನೀರಿನ ಟ್ಯಾಂಕ್ ಇಟ್ಟು ಕ್ಯಾರವಾನ್ ಮಾಡಿಸಿದರೆ ಆ ಭಾರವೆಲ್ಲ ಟೈರಿನ ಮೇಲೆ.

ಇಂಥ ಗಾಡಿ ತಿಂಗಳುಗಟ್ಟಲೆ ನಿಂತೇ ಇರುತ್ತದೆ. ಟೈರಿನ ಬಟನ್ (ನೆಲಕ್ಕೆ ತಾಗುವ ಅಚ್ಚು) ಸವೆಯುವ ಮೊದಲೇ ರಬ್ಬರ್ ಬಿರುಕು ಬಿಡುತ್ತದೆ.

ಕೊಳ್ಳುವಾಗ ಟೈರಿನ ಮಗ್ಗುಲಲ್ಲಿ ಅಚ್ಚಾದ ತಯಾರಿಕೆಯ ನಾಲ್ಕು ಅಂಕಿ ನೋಡಬೇಕು: 2324 ಎಂದರೆ 2024ರ 23ನೇ ವಾರದ್ದು. ಅಳತೆಯಷ್ಟೇ ಲೋಡ್ ಇಂಡೆಕ್ಸ್, ಅಂದರೆ ಟೈರ್ ಹೊರಬಲ್ಲ ಭಾರದ ಸೂಚಿ, ಮುಖ್ಯ. ಅದರಲ್ಲಿ ದುಡ್ಡು ಉಳಿಸಲು ಹೋಗುವುದು ಜೀವದ ಜೊತೆ ಚೆಲ್ಲಾಟ.

ಟೈರ್ ಕೂರಿಸುವಾಗ ಹೊಸ ವಾಲ್ವ್ ಹಾಕಿಸಿ, ಬ್ಯಾಲೆನ್ಸಿಂಗ್ ಮಾಡಿಸಿ, ನಟ್‌ಗಳನ್ನು ಎದುರುಬದುರಾಗಿ ಬಿಗಿಸಬೇಕು. 50–100 ಕಿ.ಮೀ. ಓಡಿದ ಮೇಲೆ ನಟ್‌ಗಳನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ಗಾಳಿಯನ್ನು ಮಾತ್ರ ಟೈರ್ ತಣ್ಣಗಿರುವಾಗಲೇ ಅಳೆಯಬೇಕು.