ಕೆಲಸ ಬಿಟ್ಟವನಿಗೆಲ್ಲ ‘ಬ್ಯಾನ್’ ಉಂಟೆ?

ಮಂಗಳೂರು, ಉಡುಪಿ, ಭಟ್ಕಳಗಳ ಕಡೆಯಿಂದ ಸಂಯುಕ್ತ ಅರಬ್ ಎಮಿರೇಟ್ಸಿಗೆ ದುಡಿಯಹೋದವರಲ್ಲಿ ಬಾಯಿಂದ ಬಾಯಿಗೆ ಸಾಗಿಬಂದ ಕಾನೂನುಜ್ಞಾನವೊಂದುಂಟು. ಅದರಲ್ಲಿ ಬಹುಭಾಗವು ಕಟ್ಟುಕತೆಯಲ್ಲ. ಒಂದು ಕಾಲದಲ್ಲಿ ನಿಜವಾಗಿದ್ದು, ಶಾಸನವು ಬದಲಾದ ಮೇಲೆಯೂ ಜನರ ಮಾತಿನಲ್ಲಿ ಉಳಿದುಕೊಂಡಿರುವ ಹಳೆಯ ವಿಧಿ. 1980ರ ಕಾರ್ಮಿಕ ಕಾನೂನನ್ನು ರದ್ದುಗೊಳಿಸಿ 2021ರ 33ನೆಯ ಶಾಸನವು 2022ರ ಫೆಬ್ರುವರಿ 2ರಿಂದ ಜಾರಿಗೆ ಬಂದಿರುವುದರಿಂದ, ಖಾಸಗಿ ಕಂಪನಿಗಳ ನೌಕರರು ಈ ಕೇಳಿಕೆಯ ಮಾತುಗಳನ್ನು ಹೊಸದಾಗಿ ಪರಾಮರ್ಶಿಸಿಕೊಳ್ಳುವುದು ಯುಕ್ತ.

ತಪ್ಪು ಕಲ್ಪನೆ: ಕಂಪನಿಯವರು ಎನ್‌ಒಸಿ (ಆಕ್ಷೇಪಣೆಯಿಲ್ಲವೆಂಬ ಪತ್ರ) ಕೊಡದಿದ್ದರೆ ಬೇರೆಡೆ ಸೇರುವಂತಿಲ್ಲ, ಸೇರಹೋದರೆ ಆರು ತಿಂಗಳ ಬ್ಯಾನ್.

ಸತ್ಯ: ಆರು ತಿಂಗಳ ನಿರ್ಬಂಧವು ಹಿಂದೆ ಇದ್ದುದು ನಿಜ. ಈಗಲಾದರೋ, ಪ್ರೊಬೇಷನ್ ಮುಗಿಸಿದ ನೌಕರನು ಕರಾರಿನಲ್ಲಿ ಕಾಣಿಸಿದಂತೆ, 30 ದಿನಕ್ಕೆ ಕಡಮೆಯಲ್ಲದ ಮತ್ತು 90 ದಿನಕ್ಕೆ ಮೀರದ ನೋಟೀಸನ್ನು ಲಿಖಿತವಾಗಿ ಕೊಟ್ಟು, ಆ ಅವಧಿಯುದ್ದಕ್ಕೂ ಕೆಲಸಮಾಡಿ ಪೂರ್ಣ ವೇತನ ಪಡೆದು ಹೊರಟನಾದರೆ, ಮಾಲೀಕನ ಅಸಮಾಧಾನವೊಂದೇ ಅವನನ್ನು ತಡೆಯಲಾರದು. ಪ್ರತಿಸ್ಪರ್ಧಿ ಸಂಸ್ಥೆಗೆ ಸೇರಬಾರದೆಂಬ ಷರತ್ತು ಕರಾರಿನಲ್ಲಿದ್ದರೆ ಅದನ್ನು ಗಮನಿಸತಕ್ಕದ್ದು. ಆದರೆ ಅದೂ ಎರಡು ವರ್ಷಗಳನ್ನು ಮೀರುವಂತಿಲ್ಲ.

ತಪ್ಪು ಕಲ್ಪನೆ: ಪ್ರೊಬೇಷನ್ನಿನಲ್ಲಿರುವವನು ಯಾವ ಕ್ಷಣದಲ್ಲಾದರೂ ಹೊರಟುಹೋಗಬಹುದು.

ಸತ್ಯ: ಎಡವುವವರು ಹೆಚ್ಚಾಗಿ ಇಲ್ಲಿಯೇ. ಪ್ರೊಬೇಷನ್ ಆರು ತಿಂಗಳನ್ನು ಮೀರಲಾಗದು. ಆದರೆ ಆ ಅವಧಿಯಲ್ಲಿ ಅದೇ ದೇಶದ ಮತ್ತೊಬ್ಬ ಮಾಲೀಕನಲ್ಲಿಗೆ ಹೋಗುವವನು ಒಂದು ತಿಂಗಳ, ದೇಶವನ್ನೇ ಬಿಡುವವನು 14 ದಿನಗಳ ನೋಟೀಸನ್ನು ಕೊಡಬೇಕು. ಮೊದಲಿನ ಮಾಲೀಕನಿಗೆ ತಗಲಿದ ನೇಮಕಾತಿಯ ವೆಚ್ಚವನ್ನು, ಬೇರೆ ಒಪ್ಪಂದವಿಲ್ಲದಿದ್ದರೆ, ಹೊಸ ಮಾಲೀಕನು ತೆರತಕ್ಕದ್ದು. ಊರಿಗೆ ಹೋದವನು ಮೂರು ತಿಂಗಳೊಳಗೆ ಹೊಸ ಕೆಲಸಕ್ಕೆ ಮರಳಿದರೂ ಈ ಹೊಣೆ ಹೊಸಬನದೇ. ಈ ಕ್ರಮವನ್ನು ಉಲ್ಲಂಘಿಸಿ ಹೋದವನಿಗೆ, ದೇಶ ಬಿಟ್ಟ ದಿನದಿಂದ ಒಂದು ವರ್ಷ ವರ್ಕ್ ಪರ್ಮಿಟ್ ದೊರೆಯದು.

ತಪ್ಪು ಕಲ್ಪನೆ: ಸಂಬಳ ಸಿಗದಿದ್ದರೆ ಹೇಳದೆ ಎದ್ದುಹೋದರೂ ಬಾಧಕವಿಲ್ಲ.

ಸತ್ಯ: ಮಾಲೀಕನು ಕರಾರಿಗೆ ತಪ್ಪಿದರೆ ನೋಟೀಸಿಲ್ಲದೆ ಬಿಡುವ ಹಕ್ಕು ಉಂಟು, ಆದರೆ 14 ಕೆಲಸದ ದಿನಗಳ ಮುನ್ನ ಕಾರ್ಮಿಕ ಸಚಿವಾಲಯಕ್ಕೆ ತಿಳಿಸಿ, ತಪ್ಪನ್ನು ತಿದ್ದಿಕೊಳ್ಳಲು ಅವನಿಗೆ ಅವಕಾಶವಿತ್ತಿರಬೇಕು. ನ್ಯಾಯವು ತನ್ನ ಕಡೆಯೇ ಇದ್ದರೂ ಹೇಳದೆ ಹೋದವನು ‘ಓಡಿಹೋದವನು’ ಎಂಬ ದೂರಿಗೆ ಗುರಿಯಾಗಿ, ಒಂದು ವರ್ಷದ ನಿರ್ಬಂಧವನ್ನು ವೃಥಾ ತಲೆಗೆ ಕಟ್ಟಿಕೊಳ್ಳುವ ಸಂಭವವಿದೆ.

ತಪ್ಪು ಕಲ್ಪನೆ: ತಾನಾಗಿ ರಾಜೀನಾಮೆಯಿತ್ತರೆ ಗ್ರಾಚುಟಿ ಹೋಯಿತು.

ಸತ್ಯ: ಇದೂ ಹಿಂದಿನ ಶಾಸನದ ಅವಶೇಷವೇ; ಅದರಲ್ಲಿ ಐದು ವರ್ಷ ತುಂಬುವ ಮೊದಲು ಬಿಟ್ಟವರ ಗ್ರಾಚುಟಿ ಕಡಿತವಾಗುತ್ತಿತ್ತು, ಕೆಲವರಿಗೆ ಇಲ್ಲವೇ ಆಗುತ್ತಿತ್ತು. ಈಗ ಒಂದು ವರ್ಷದ ಸೇವೆ ಪೂರೈಸಿದ ಪೂರ್ಣಕಾಲಿಕ ವಿದೇಶೀ ನೌಕರನಿಗೆ ಮೊದಲ ಐದು ವರ್ಷಗಳಲ್ಲಿ ವರ್ಷವೊಂದಕ್ಕೆ 21 ದಿನಗಳ, ಅನಂತರ 30 ದಿನಗಳ ಮೂಲವೇತನವು ಸಲ್ಲತಕ್ಕದ್ದು. ಕರಾರು ಮುಗಿದ 14 ದಿನಗಳೊಳಗೆ ಬಾಕಿಯೆಲ್ಲ ಪಾವತಿಯಾಗಬೇಕು.

ತಪ್ಪು ಕಲ್ಪನೆ: ವೀಸಾದ ಅವಧಿಯಿರುವ ತನಕ ಊರಿನಲ್ಲಿ ಎಷ್ಟು ಕಾಲವಿದ್ದರೂ ಮರಳಬಹುದು.

ಸತ್ಯ: ಆರು ತಿಂಗಳಿಗೂ ಮಿಕ್ಕಿ ದೇಶದ ಹೊರಗಿದ್ದವನ ವಾಸದ ವೀಸಾ, ಮುದ್ರಿತವಾದ ಗಡುವು ಇನ್ನೂ ದೂರವಿದ್ದರೂ, ಸಾಮಾನ್ಯವಾಗಿ ಬಿದ್ದುಹೋಗುತ್ತದೆ. ಗೋಲ್ಡನ್ ವೀಸಾದವರಿಗೆ ಈ ಕಟ್ಟಿಲ್ಲ. ಉಳಿದವರು ಕಾಯಿಲೆಯೇ ಮೊದಲಾದ ಸಕಾರಣಗಳನ್ನು ತೋರಿಸಿ ಮರುಪ್ರವೇಶದ ಅನುಮತಿಯನ್ನು ಕೋರಬಹುದು.

ಮೇಲೆ ಹೇಳಿದ್ದು ಎಲ್ಲರಿಗೂ ಅನ್ವಯಿಸುವುದಿಲ್ಲವೆಂಬುದನ್ನು ಮರೆಯಬಾರದು: ಮನೆಗೆಲಸದವರಿಗೆ 2022ರ 9ನೆಯ ಶಾಸನವು ಬೇರೆಯೇ ಇದೆ, ದುಬೈ ಮತ್ತು ಅಬುಧಾಬಿಗಳ ಹಣಕಾಸು ವಲಯಗಳಿಗೆ ತಮ್ಮವೇ ಆದ ಉದ್ಯೋಗನಿಯಮಗಳುಂಟು. ನೆರೆಯ ಕತಾರ್ ಎನ್‌ಒಸಿಯನ್ನು ಕೈಬಿಟ್ಟದ್ದು 2020ರ ತನ್ನ ಶಾಸನದಿಂದ. ಅಲ್ಲಿನ ನೋಟೀಸಿನ ಲೆಕ್ಕವೇ ಬೇರೆ. ಆದಕಾರಣ, ಊರಿನ ಹಿರಿಯರೊಬ್ಬರು ತಮ್ಮ ಕಾಲದ ಅನುಭವದಿಂದ ಸಲಹೆಯಿತ್ತಾಗ, ಅವರು ಯಾವ ದೇಶದಲ್ಲಿ, ಯಾವ ವರ್ಷದಲ್ಲಿ ಕೆಲಸ ಬಿಟ್ಟರೆಂದು ವಿನಯದಿಂದ ಕೇಳಿ ತಿಳಿದು, ಆಮೇಲೆ ರಾಜೀನಾಮೆಯನ್ನು ಬರೆಯುವುದು ಲೇಸು.