ನುಡಿಯದ ಪೆಡಲಿನ ದೋಷಶೋಧನೆ

ವಿದ್ಯುತ್ ಗಿಟಾರಿನ ಸ್ವರವನ್ನು ಬೇಕೆಂದೇ ಒರಟುಗೊಳಿಸಿ, ಕಾಲಿನಿಂದ ಒತ್ತಿ ನಡೆಸುವ ಚಿಕ್ಕ ಪೆಟ್ಟಿಗೆಗೆ ಫಜ್ ಪೆಡಲ್ ಎಂದು ಹೆಸರು. 1966ರಲ್ಲಿ ಲಂಡನ್ನಿನಲ್ಲಿ ಹೊರಬಂದ 'ಫಜ್ ಫೇಸ್' ಇವುಗಳಲ್ಲಿ ಪ್ರಸಿದ್ಧವಾದುದು. ಅದರಲ್ಲಿರುವುದು ಎರಡೇ ಟ್ರಾನ್ಸಿಸ್ಟರು, ಕೆಲವೇ ರೆಸಿಸ್ಟರು, ಕೆಪಾಸಿಟರುಗಳು ಹಾಗೂ 9 ವೋಲ್ಟಿನ ಬ್ಯಾಟರಿ. ಆದುದರಿಂದಲೇ ಹವ್ಯಾಸಿಗಳು ಅದನ್ನು ಮನೆಯಲ್ಲೇ ಜೋಡಿಸುತ್ತಾರೆ. ಜೋಡಿಸಿದ್ದು ನುಡಿಯದಿದ್ದರೆ ಏನು ಮಾಡಬೇಕು?

ವಿದ್ಯಾರ್ಥಿಗಳೇ, ಕೂಡಲೇ ಟ್ರಾನ್ಸಿಸ್ಟರನ್ನು ಕೀಳಬಾರದು. ಮೊದಲು ಬ್ಯಾಟರಿಯನ್ನು ಅಳೆಯಿರಿ. ಪೆಡಲಿನ ಸ್ವಿಚ್ಚನ್ನು ಆರಿಸಿದಾಗಲೂ ಗಿಟಾರಿನ ಸಹಜ ಸ್ವರ ಕೇಳದಿದ್ದರೆ, ದೋಷವು ಸ್ವಿಚ್ಚು, ಜಾಕು ಅಥವಾ ಅವುಗಳ ತಂತಿಗಳಲ್ಲಿರುತ್ತದೆ. ಸಹಜ ಸ್ವರ ಬಂದರೆ ಒಳಗಿನ ಬೆಸುಗೆಗಳನ್ನು ನೋಡಿರಿ. ಸರಿಯಾಗಿ ಹಿಡಿಯದೆ ಉಂಡೆಗಟ್ಟಿದುದನ್ನು ಮತ್ತೆ ಕಾಯಿಸಿರಿ. ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರಿನಲ್ಲಿ ಬ್ಯಾಟರಿಯ ಅರ್ಧ, ಅಂದರೆ ಸುಮಾರು 4.5 ವೋಲ್ಟ್ ಇರಬೇಕು. ಬಹಳ ವ್ಯತ್ಯಾಸವಿದ್ದರೆ ಟ್ರಾನ್ಸಿಸ್ಟರಿನ ಕಾಲುಗಳು ಅದಲುಬದಲಾಗಿವೆಯೇ, ರೆಸಿಸ್ಟರಿನ ಬೆಲೆ ತಪ್ಪಿದೆಯೇ ಎಂದು ಪರೀಕ್ಷಿಸಿರಿ.

ಇಷ್ಟಕ್ಕೂ ಸಿಗದಿದ್ದರೆ, ಆಂಪ್ಲಿಫಯರಿನಿಂದ ಬಂದ ತಂತಿಯ ತುದಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಕಟ್ಟಿ, ಗಿಟಾರನ್ನು ಮೀಟುತ್ತ, ಸ್ವರ ಒಳಬರುವ ಕಡೆಯಿಂದ ಒಂದೊಂದೇ ಸ್ಥಾನವನ್ನು ಮುಟ್ಟುತ್ತ ಸಾಗಿರಿ. ಸ್ವರ ಎಲ್ಲಿ ನಿಲ್ಲುವುದೋ, ಆ ಸ್ಥಾನಕ್ಕೂ ಅದರ ಹಿಂದಿನದಕ್ಕೂ ನಡುವೆಯೇ ದೋಷವಿದೆ.

ಕಠಿಣ ಪದ್ಯವನ್ನು ಪದ ಬಿಡಿಸಿ ಓದುವಂತೆಯೇ ಇದು. ಊಹೆಯಿಂದ ಬಿಡಿಭಾಗ ಬದಲಿಸಿದರೆ ಹಣ ವ್ಯರ್ಥ. ಕ್ರಮವಾಗಿ ಹುಡುಕಿದರೆ ಪೆಡಲೂ ನುಡಿಯುವುದು, ವಿದ್ಯೆಯೂ ಕೈಗೆ ಹತ್ತುವುದು.