ವಾಕಿಂಗ್ ಮಾಡಿ ಅಂತಾರೆ, ಎಲ್ಲಿ ಅಂತ ಹೇಳಲ್ಲ!

ಶುಗರ್ ಬಂದಿದೆ ಅಂತ ಡಾಕ್ಟರ್ ಹತ್ರ ಹೋಗ್ತೀರಿ. ಚೀಟಿಯಲ್ಲಿ ಮಾತ್ರೆ ಬರೀತಾರೆ, ಸಿಹಿ ಬಿಡಿ ಅಂತಾರೆ. ನೀವು ಎದ್ದು ಹೊರಡುವಾಗ ಇನ್ನೊಂದು ಮಾತು ಸೇರಿಸ್ತಾರೆ: 'ದಿನಾ ಅರ್ಧ ಗಂಟೆ ವಾಕ್ ಮಾಡಿ.' ಮಾತ್ರೆ ಮೆಡಿಕಲ್ ಶಾಪಿನಲ್ಲಿ ಸಿಗುತ್ತೆ. ಈ ಕೊನೆಯ ಔಷಧಿ ಎಲ್ಲಿ ಸಿಗುತ್ತೆ? ಅದನ್ನು ಸಪ್ಲೈ ಮಾಡಬೇಕಾದವರು ಆರೋಗ್ಯ ಇಲಾಖೆಯವರಲ್ಲ ಸ್ವಾಮಿ, ನಿಮ್ಮ ವಾರ್ಡಿನ ರಸ್ತೆ ಇಂಜಿನಿಯರ್!

ಔಷಧಿ ಅಂತ ಬಾಯಿಮಾತಿಗೆ ಹೇಳ್ತಿಲ್ಲ. ಇದಕ್ಕೆ ಮೊದಲ ದೊಡ್ಡ ಪುರಾವೆ ಸಿಕ್ಕಿದ್ದು ಬಸ್ಸಿನಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಲಂಡನ್ನಿನಲ್ಲಿ ಜೆರ್ರಿ ಮಾರಿಸ್ ಅಂತ ಒಬ್ಬ ವೈದ್ಯರು, ಜನರಿಗೆ ಯಾಕೆ ಇಷ್ಟೊಂದು ಹಾರ್ಟ್ ಅಟ್ಯಾಕ್ ಆಗ್ತಿದೆ ಅಂತ ಹುಡುಕೋಕೆ ಹೊರಟರು. ಅವರ ಕಣ್ಣು ಬಿದ್ದಿದ್ದು ಡಬಲ್ ಡೆಕ್ಕರ್ ಬಸ್ಸಿನ ಸಿಬ್ಬಂದಿ ಮೇಲೆ. ಬಸ್ ಒಂದೇ, ಸಂಸ್ಥೆ ಒಂದೇ, ಇಬ್ಬರೂ ಹೆಚ್ಚುಕಡಿಮೆ ಒಂದೇ ಥರದ ಮನೆಗಳಿಂದ ಬಂದವರು. ಡ್ರೈವರ್ ದಿನವಿಡೀ ಕೂತಿರ್ತಾನೆ. ಕಂಡಕ್ಟರ್ ಟಿಕೆಟ್ ಕೊಡ್ತಾ ದಿನಕ್ಕೆ 500ಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಇಳೀತಾನೆ. 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಕೂತ ಡ್ರೈವರ್‌ಗಿಂತ ಓಡಾಡುವ ಕಂಡಕ್ಟರ್‌ಗೆ ಹೃದಯದ ಕಾಯಿಲೆ ಸಾಕಷ್ಟು ಕಡಿಮೆ.

ಡ್ರೈವರ್‌ಗೆ ಟ್ರಾಫಿಕ್ ಟೆನ್ಷನ್ ಇರುತ್ತಲ್ಲ, ಅದಕ್ಕೇ ಇರಬಹುದು ಅಂತ ನೀವು ಹೇಳಬಹುದು. ಮಾರಿಸ್ ಅದನ್ನೂ ಬಿಡಲಿಲ್ಲ. ನಡೆದೋ ಸೈಕಲ್ ತುಳಿದೋ ಕಾಗದ ಹಂಚುವ ಪೋಸ್ಟ್‌ಮ್ಯಾನ್‌ಗಳನ್ನು, ಕುರ್ಚಿಯಲ್ಲಿ ಕೂತ ಅಂಚೆ ಗುಮಾಸ್ತರ ಜೊತೆ ಹೋಲಿಸಿದರು. ಅಲ್ಲೂ ಅದೇ ಕಥೆ. ಡ್ರೈವರ್‌ಗಳು ದಪ್ಪ ಇದ್ದಿದ್ದಕ್ಕೇ ಹೀಗಾಯ್ತಾ ಅಂತ ನೋಡೋಕೆ ಅವರ ಯೂನಿಫಾರ್ಮ್ ಪ್ಯಾಂಟಿನ ಸೊಂಟದ ಅಳತೆಯ ಲೆಕ್ಕವನ್ನೂ ತರಿಸಿಕೊಂಡರು! ಡ್ರೈವರ್‌ಗಳ ಸೊಂಟ ದೊಡ್ಡದಿತ್ತು, ನಿಜ. ಆದರೆ ಒಂದೇ ಸೊಂಟದ ಅಳತೆಯವರನ್ನು ಹೋಲಿಸಿದರೂ ಗೆದ್ದಿದ್ದು ಕಂಡಕ್ಟರೇ.

ಇಲ್ಲಿ ಒಂದು ವಿಷಯ ಗಮನಿಸಿ. ಆ ಕಂಡಕ್ಟರ್ ಬೆಳಗ್ಗೆ ಐದಕ್ಕೆ ಎದ್ದು ಶೂ ಹಾಕಿಕೊಂಡು ಪಾರ್ಕಿಗೆ ಹೋದವನಲ್ಲ. ಜಿಮ್ ಫೀಸ್ ಕಟ್ಟಿದವನಲ್ಲ. ಮನೋಬಲ, ಶಿಸ್ತು ಅಂತ ನಾವು ಬೋಧನೆ ಮಾಡ್ತೀವಲ್ಲ, ಅದ್ಯಾವುದೂ ಬೇಕಾಗಲಿಲ್ಲ. ಅವನ ದಿನದ ಕೆಲಸದೊಳಗೇ ವ್ಯಾಯಾಮ ಸೇರಿತ್ತು. ನಮ್ಮ ದಿನದೊಳಗೆ ಅದು ಸೇರಬೇಕಾದರೆ ಇರುವ ಸುಲಭದ ದಾರಿ ಓಡಾಟ: ಆಫೀಸಿಗೆ, ಶಾಲೆಗೆ, ಸಂತೆಗೆ, ದೇವಸ್ಥಾನಕ್ಕೆ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆದರೆ ಸಾಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಬಸ್ ಸ್ಟಾಪಿಗೆ ಹೋಗಿ ಬರೋದರಲ್ಲೇ ಅದರ ಬಹುಪಾಲು ಮುಗಿದುಹೋಗುತ್ತೆ.

ಮುಗಿಯಬೇಕಿತ್ತು. ಆದರೆ ದಾರಿ ಇದ್ಯಾ?

ಬೆಂಗಳೂರಿನ ಫುಟ್‌ಪಾತ್ ಅಂದ್ರೆ ಬಹಳ ಕಡೆ ಚರಂಡಿಯ ಮುಚ್ಚಳ. ಅಷ್ಟೇ. ಕೆಳಗೆ ಮಳೆನೀರು, ಮೇಲೆ ಕಲ್ಲು ಚಪ್ಪಡಿ. ಹೀಗಾಗಿ ಎತ್ತರ ಹೆಚ್ಚು, ಪ್ರತಿ ಮನೆಯ ಗೇಟಿನ ಮುಂದೆ ಕಾರು ಇಳಿಯೋಕೆ ಇಳಿಜಾರು, ಹತ್ತು ಹೆಜ್ಜೆಗೊಮ್ಮೆ ಹತ್ತು, ಇಳಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಂತ ಒಂದು ಸಂಸ್ಥೆ ಇದೆ (ಪಕ್ಷ ಅಲ್ಲ, ರಸ್ತೆ ಕಟ್ಟೋಕೆ ನಿಯಮ ಬರೆಯುವ ಇಂಜಿನಿಯರುಗಳ ಸಂಸ್ಥೆ). ಅದರ ಪ್ರಕಾರ ಮನೆಗಳಿರುವ ರಸ್ತೆಯಲ್ಲೂ ಫುಟ್‌ಪಾತ್ ಮೇಲೆ ಕನಿಷ್ಠ 1.8 ಮೀಟರ್ ಅಗಲ ಖಾಲಿ ಇರಬೇಕು, ಅಂದರೆ ಎದುರುಬದುರಾಗಿ ಎರಡು ವೀಲ್‌ಚೇರ್ ಹೋಗುವಷ್ಟು. ಎತ್ತರ 150 ಮಿಲಿಮೀಟರ್ ದಾಟಬಾರದು, ಒಂದು ಗೇಣಿಗಿಂತಲೂ ಕಡಿಮೆ. ನಿಯಮ ಇದೆ. ಆ 1.8 ಮೀಟರ್ ಒಳಗೆ ಟ್ರಾನ್ಸ್‌ಫಾರ್ಮರ್ ಇದೆ, ಕೇಬಲ್ ಬಂಡಲ್ ಇದೆ, ಬೈಕ್ ಇದೆ. ದೂರು ಬಂದಾಗ ಅಧಿಕಾರಿಗಳು ಮೊದಲು ಎತ್ತಿಸೋದು ಯಾವುದನ್ನ? ಬಜ್ಜಿ ಗಾಡಿಯನ್ನ! ಟ್ರಾನ್ಸ್‌ಫಾರ್ಮರ್ ಅಲ್ಲೇ ನಿಂತಿರುತ್ತೆ. ಬೀದಿ ವ್ಯಾಪಾರಿಗಳಿಗೆ 2014ರಿಂದ ಕಾನೂನಿನ ರಕ್ಷಣೆ ಇದೆ, ಫುಟ್‌ಪಾತ್ ಮೇಲೆ ನಿಲ್ಲಿಸಿದ ಕಾರಿಗೆ ಯಾವ ಕಾನೂನಿನ ರಕ್ಷಣೆಯೂ ಇಲ್ಲ.

ಫುಟ್‌ಪಾತ್ ಇಲ್ಲದಿದ್ದರೆ ಏನಾಯ್ತು, ರಸ್ತೆ ಪಕ್ಕದಲ್ಲಿ ನಡೀರಿ ಅನ್ನೋರಿಗೆ ಒಂದು ಲೆಕ್ಕ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ 32,825 ಮಂದಿ ಪಾದಚಾರಿಗಳು. ಇದು ಕೇಂದ್ರ ಸರ್ಕಾರದ್ದೇ ವರದಿ. ದಿನಕ್ಕೆ ಸುಮಾರು 90 ಜನ! ಅವರು ಯಾರೂ ಓವರ್‌ಸ್ಪೀಡ್ ಹೋಗಿರಲಿಲ್ಲ, ನಡೀತಾ ಇದ್ದರು.

ಓದಿದ್ದು ಇಂಜಿನಿಯರಿಂಗ್, ಹಾಗಾಗಿ ಒಂದು ನಿಮಿಷ ಫಿಸಿಕ್ಸ್ ಸಹಿಸಿಕೊಳ್ಳಿ. ಡಿಕ್ಕಿಯ ಹೊಡೆತ ವೇಗದ ವರ್ಗದಷ್ಟು ಹೆಚ್ಚುತ್ತೆ. ಗಂಟೆಗೆ 30 ಕಿಲೋಮೀಟರ್ ಹೋಗೋ ಕಾರು 50ಕ್ಕೆ ಏರಿದರೆ ಹೊಡೆತ ಒಂದೂಮುಕ್ಕಾಲು ಪಟ್ಟು ಅಲ್ಲ, ಎರಡೂಮುಕ್ಕಾಲು ಪಟ್ಟು. ಡ್ರೈವರ್ ನೋಡಿ ಬ್ರೇಕ್ ಮೇಲೆ ಕಾಲಿಡೋಕೆ ಒಂದು ಸೆಕೆಂಡ್ ತಗೊಂಡ ಅಂದ್ಕೊಳ್ಳಿ. 30ರಲ್ಲಿ ಕಾರು ಅಷ್ಟರಲ್ಲಿ 8 ಮೀಟರ್ ಹೋಗಿರುತ್ತೆ, 50ರಲ್ಲಿ 14 ಮೀಟರ್. ಆ ಆರು ಮೀಟರ್ ಒಳಗೆ ನಿಮ್ಮ ಮಗು ರಸ್ತೆ ದಾಟ್ತಾ ಇರಬಹುದು. ನಮ್ಮ ನಗರಗಳಲ್ಲಿ ಮಾತ್ರ 'ಸಿಗ್ನಲ್ ಫ್ರೀ' ಅನ್ನೋದು ಈಗಲೂ ಹೆಮ್ಮೆಯ ಮಾತು. ಸಿಗ್ನಲ್ ತೆಗೆದರೆ ನಡೆಯುವವರು ದಾಟೋದು ಹೇಗೆ? ಸ್ಕೈವಾಕ್ ಕಟ್ಟಿದ್ದೀವಲ್ಲ ಅಂತಾರೆ. ಕೆಳಗೆ ಲಾರಿ ಹೋಗೋಕೆ ಐದೂವರೆ ಮೀಟರ್ ಬಿಡಬೇಕು, ಅಂದರೆ ಮಂಡಿನೋವಿನ ಅಜ್ಜಿ ರಸ್ತೆ ದಾಟೋಕೆ ಎರಡು ಮಹಡಿ ಹತ್ತಬೇಕು. ಮೆಟ್ಟಿಲು ಹತ್ತೋದು ಒಳ್ಳೇದು ಅಂತ ಈಗ ತಾನೇ ನೀವೇ ಹೇಳಿದ್ರಲ್ಲ ಅಂದ್ರೆ, ಹೌದು, ಹತ್ತೋಕೆ ಆಗುವವರಿಗೆ. ಆಗದವರು ಡಿವೈಡರ್ ಹಾರ್ತಾರೆ, ಇಲ್ಲ ಮನೆಯಲ್ಲೇ ಉಳೀತಾರೆ. ಮನೆಯಲ್ಲೇ ಉಳಿದವರು ಯಾವ ಅಪಘಾತದ ಲೆಕ್ಕಕ್ಕೂ ಬರಲ್ಲ, ಕೆಲವು ವರ್ಷದ ಮೇಲೆ ಶುಗರ್, ಬಿಪಿ ಲೆಕ್ಕಕ್ಕೆ ಬರ್ತಾರೆ. ಐಸಿಎಂಆರ್ ನೆರವಿನ ಅಧ್ಯಯನ 2023ರಲ್ಲಿ ಹೇಳಿದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ.

ಸೈಕಲ್ ಕಥೆ ಇನ್ನೂ ವಿಚಿತ್ರ. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರವೇ ಸೈಕಲ್ ಕೊಡೋಕೆ ಶುರು ಮಾಡಿತು. ಪಕ್ಕದೂರಿನ ಹೈಸ್ಕೂಲಿಗೆ ಹುಡುಗಿಯರು ಗುಂಪುಗುಂಪಾಗಿ ಸೈಕಲ್ ತುಳಿದರು. ಅದೇ ಹುಡುಗಿ ಡಿಗ್ರಿ ಮುಗಿಸಿ ಕೆಲಸಕ್ಕೆ ಬೆಂಗಳೂರಿಗೆ ಬಂದರೆ, ಔಟರ್ ರಿಂಗ್ ರೋಡಿನಲ್ಲಿ ಸೈಕಲ್ ತುಳೀತೀನಿ ಅಂದ್ರೆ ಅಪ್ಪ ಅಮ್ಮ ಒಪ್ತಾರಾ? ಮೈಸೂರು ಪರವಾಗಿಲ್ಲ. 2017ರಲ್ಲಿ 450 ಸೈಕಲ್, 48 ನಿಲ್ದಾಣಗಳೊಂದಿಗೆ 'ಟ್ರಿಣ್ ಟ್ರಿಣ್' ಶುರುವಾಯ್ತು.

ಇದೆಲ್ಲ ಹಾಲೆಂಡಿಗೆ ಸರಿ ಸಾರ್, ನಮಗಲ್ಲ ಅಂತ ಒಂದು ಮಾತು ಯಾವಾಗಲೂ ಬರುತ್ತೆ. ಹಾಲೆಂಡ್ ಕೂಡ ಹುಟ್ಟುತ್ತಲೇ ಹಾಗಿರಲಿಲ್ಲ. ಯುದ್ಧದ ನಂತರ ಅಲ್ಲೂ ಕಾರಿಗಾಗಿ ರಸ್ತೆ ಅಗಲ ಮಾಡಿದರು, ಸೈಕಲ್ಲನ್ನು ಮೂಲೆಗೆ ತಳ್ಳಿದರು. 1971ರಲ್ಲಿ ಆ ಪುಟ್ಟ ದೇಶದಲ್ಲಿ ರಸ್ತೆಯಲ್ಲಿ ಸತ್ತವರು ಸುಮಾರು 3,300, ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಅಪ್ಪ ಅಮ್ಮಂದಿರು ಬೀದಿಗಿಳಿದರು. ಆ ಚಳವಳಿಯ ಹೆಸರೇ 'ಮಕ್ಕಳ ಕೊಲೆ ನಿಲ್ಲಿಸಿ'. ಅಪಘಾತ ಅನ್ನಲಿಲ್ಲ ನೋಡಿ, ಕೊಲೆ ಅಂದರು. 1973ರಲ್ಲಿ ತೈಲ ಬಿಕ್ಕಟ್ಟು ಬಂತು, ಭಾನುವಾರ ಕಾರು ಬಂದ್ ಆಯ್ತು, ಖಾಲಿ ಹೈವೇಯಲ್ಲಿ ಜನ ಸೈಕಲ್ ತುಳಿದರು. ಬದಲಾವಣೆಗೆ ದಶಕಗಳೇ ಹಿಡಿದವು.

ನಮ್ಮಲ್ಲಿ ಬೀಜ ಇಲ್ಲ ಅಂತಲ್ಲ. 'ವಾಹನ ಅಲ್ಲ, ಜನ ಸಾಗಬೇಕು' ಅನ್ನೋ ಅರ್ಥದ ಮಾತು ಕೇಂದ್ರದ ನಗರ ಸಾರಿಗೆ ನೀತಿಯಲ್ಲಿ 2006ರಿಂದಲೇ ಇದೆ. ಟೆಂಡರ್ ಶ್ಯೂರ್ ಯೋಜನೆಯಲ್ಲಿ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳಿಗೆ ಅಗಲದ ಫುಟ್‌ಪಾತ್ ಬಂತು, ಕೇಬಲ್‌ಗಳು ಅದರ ಕೆಳಗೆ ಹೋದವು. ದುಬಾರಿ ಅಂತ ಕೂಗಿದವರುಂಟು. ಫ್ಲೈಓವರ್‌ಗೆ ಆ ಪ್ರಶ್ನೆ ಯಾರೂ ಅಷ್ಟು ಜೋರಾಗಿ ಕೇಳಲ್ಲ! 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳು ಸರ್ಕಾರಿ ಬಸ್ಸಿನಲ್ಲಿ ಉಚಿತವಾಗಿ ಓಡಾಡ್ತಿದ್ದಾರೆ. ಬಸ್ಸಿನೊಳಗಿನ ಪ್ರಯಾಣ ಫ್ರೀ ಆಯ್ತು. ಮನೆಯಿಂದ ಸ್ಟಾಪಿನವರೆಗಿನ ಅರ್ಧ ಕಿಲೋಮೀಟರ್, ರಾತ್ರಿ ಎಂಟು ಗಂಟೆಗೆ, ಬೀದಿದೀಪ ಇಲ್ಲದ ರಸ್ತೆಯಲ್ಲಿ? ಅದಿನ್ನೂ ಯಾವ ಗ್ಯಾರಂಟಿಯಲ್ಲೂ ಇಲ್ಲ.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿದೆ. ಅಡ್ಡಿ ಇಲ್ಲದ ಫುಟ್‌ಪಾತ್ ಬಳಸೋದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ. ಹಾಗಾಗಿ ಮುಂದಿನ ಸಲ ನಿಮ್ಮ ರಸ್ತೆಗೆ ಡಾಂಬರು ಹಾಕೋಕೆ ಬಂದಾಗ ಕೈಯಲ್ಲಿ ಒಂದು ಟೇಪ್ ಹಿಡಿದುಕೊಂಡು ಹೋಗಿ. ಎಸ್ಟಿಮೇಟ್‌ನಲ್ಲಿ ಫುಟ್‌ಪಾತ್ ಇದ್ಯಾ ಕೇಳಿ. ಇದ್ದರೆ ಅಳೀರಿ, 1.8 ಮೀಟರ್. ಇಲ್ಲದಿದ್ದರೆ ಯಾಕಿಲ್ಲ ಅಂತ ಬರೆದುಕೊಡಿ ಅನ್ನಿ, ಕೆಳಗೆ ಸಹಿ, ಸೀಲು ಹಾಕಿಸಿ.